ತ್ರಿಕೋನ ಹೊಲಿಯುವ ಬಗೆ

ಮಾರ್ಚ್ 14, ಗುರುವಾರ

ಮಗಳೇ,

ಈ ಒಂದು ಪದ ಬರೆಯುವಷ್ಟರಲ್ಲಿ ಮೂರು ಹಾಳೆ ಹರಿದೆ. ಮೊದಲು ‘ಸೊಸೆಗೆ’ ಎಂದು ಬರೆದೆ. ನೀನೂ ನನ್ನ ಮಗನೂ ಬೇರೆಯಾಗಿ ನಾಲ್ಕು ವರ್ಷವಾಯಿತಲ್ಲ, ಕೋರ್ಟಿನ ಕಾಗದ ನೆನಪಾಗಿ ಹರಿದೆ. ಹೆಸರು ಹಿಡಿದು ಬರೆದರೆ ಬ್ಯಾಂಕಿನವರ ನೋಟೀಸಿನ ಹಾಗೆ ಕಂಡಿತು. ನೀನು ಮಾತ್ರ ನಡುವೆ ಏನೂ ನಡೆದೇ ಇಲ್ಲವೇನೋ ಎಂಬಂತೆ ‘ಮಾವನಿಗೆ ನಮಸ್ಕಾರ’ ಎಂದು ಶುರು ಮಾಡಿದ್ದೀಯ. ಆ ಎರಡು ಪದಗಳನ್ನು ಎಷ್ಟು ಸಲ ಓದಿದೆ ಎಂದು ಹೇಳಿದರೆ ನೀನು ನಗುತ್ತೀಯ.

ಉತ್ತರಕ್ಕೆ ನಲವತ್ತು ದಿನ ಮಾಡಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ಇಲ್ಲಿ ಎಲ್ಲರೂ ಎಂದರೆ ನಾನೊಬ್ಬನೇ, ನಾನು ಪರವಾಗಿಲ್ಲ. ಮೊಣಕಾಲು ಹಳೆಯ ಮಷೀನಿನಂತೆ ಕಿರುಗುಟ್ಟುತ್ತದೆ, ಎಣ್ಣೆ ಬಿಡೋಣವೆಂದರೆ ಅದಕ್ಕೆ ತೂತಿಲ್ಲ. ಅಂಗಡಿ ತೆರೆದಿದ್ದೇನೆ. ಮಹಡಿಯ ಕೋಣೆಗಳನ್ನು ಮನೆಯ ಮಾಲೀಕರಿಗೆ ಬಿಟ್ಟುಕೊಟ್ಟು ಅಂಗಡಿಯ ಹಿಂದಿನ ಕೋಣೆಯಲ್ಲೇ ಇದ್ದೇನೆ. ಅಂಗಿ ಹೊಲಿಸುವವರು ಈಗ ಬರುವುದಿಲ್ಲ. ಸಿದ್ಧ ಉಡುಪು ಕೊಂಡು, ಪ್ಯಾಂಟಿನ ಕಾಲು ಗಿಡ್ಡ ಮಾಡಿಕೊಡಿ, ಜಿಪ್ಪು ಬದಲಿಸಿಕೊಡಿ ಎನ್ನುವವರು ಬರುತ್ತಾರೆ. ನಲವತ್ತೊಂದು ವರ್ಷ ಕಾಲರು ಕತ್ತರಿಸಿದ ಕೈ ಈಗ ಬೇರೆ ಯಾರೋ ಕತ್ತರಿಸಿದ್ದನ್ನು ಸರಿಪಡಿಸುತ್ತಿದೆ. ಕೆಲವು ದಿನ ಸಂಜೆ ಬಾಯಿ ತೆರೆದರೆ ಗಂಟಲು ಕಟ್ಟಿಕೊಂಡಿರುತ್ತದೆ. ಬೆಳಗಿನಿಂದ ಯಾರೊಡನೆಯೂ ಮಾತಾಡಿಲ್ಲವೆಂದು ಆಗ ಗೊತ್ತಾಗುತ್ತದೆ.

ನನ್ನ ಮಗ ಮತ್ತೆ ಮದುವೆಯಾಗಿ ಊರಿನ ಇನ್ನೊಂದು ತುದಿಯಲ್ಲಿದ್ದಾನೆ, ತಿಂಗಳಿಗೊಮ್ಮೆ ಬಂದು ಹೋಗುತ್ತಾನೆ. ನೀನು ಕೇಳಿಲ್ಲ, ಆದ್ದರಿಂದ ಹೆಚ್ಚು ಬರೆಯುವುದಿಲ್ಲ.

ಇನ್ನು ನಿನ್ನ ಪ್ರಶ್ನೆ. ಗುಂಡಿ ಈಗ ಬೇರೆ ಮಂಚದಲ್ಲಿ ಮಲಗುತ್ತಾಳೆ ಎಂದು ಓದಿ ಬೆರಳಲ್ಲಿ ಲೆಕ್ಕ ಹಾಕಿದೆ, ಅವಳಿಗೆ ಆರು ವರ್ಷ. ಅಂಗಡಿಯ ನೆಲದಲ್ಲಿ ತೆವಳುತ್ತಾ ಸಿಕ್ಕ ಸಿಕ್ಕ ಗುಂಡಿಯನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತಿದ್ದ ಮೊಮ್ಮಗಳಿಗೆ ನಾನಿಟ್ಟ ಹೆಸರನ್ನು ನೀನು ಇನ್ನೂ ಬಳಸುತ್ತಿದ್ದೀಯ. ಅದು ನನಗೆ ಗೊತ್ತಿರಲಿಲ್ಲ. ಅವಳಿಗೊಂದು ಕೌದಿ ಹೊಲಿಯಬೇಕೆಂದು ಹಳೆಯ ಮಷೀನು ಕೊಂಡಿದ್ದೀಯ. ಚೌಕದ ತುಂಡುಗಳು ಸಾಕು ಎಂದರೆ ಅವಳು ಒಪ್ಪುತ್ತಿಲ್ಲ, ಬೆಟ್ಟದ ಸಾಲೇ ಬೇಕಂತೆ. ಬೆಟ್ಟ ಎಂದ ಮೇಲೆ ತ್ರಿಕೋನ. ‘ಬಟ್ಟೆ ಗೊತ್ತಿರುವವರು ಅಂತ ನನಗೆ ನೀವೊಬ್ಬರೇ ಇರೋದು ಮಾವ’ ಎಂದು ಬರೆದಿದ್ದೀಯ.

ನಿಜ ಹೇಳುತ್ತೇನೆ, ನನಗೆ ಗೊತ್ತಿರಲಿಲ್ಲ. ನಾನು ಅಂಗಿ ಟೈಲರು. ಕೌದಿ ಹೊಲಿದವನಲ್ಲ. ಗೊತ್ತಿಲ್ಲ ಎಂದು ಒಂದು ಸಾಲು ಬರೆದು ಹಾಕಿದರೆ ಅಲ್ಲಿಗೆ ಮುಗಿಯುತ್ತದೆ, ಮತ್ತೆ ನೀನು ಬರೆಯಲು ಕಾರಣವಿರುವುದಿಲ್ಲ. ಅದಕ್ಕೇ ಮೊದಲು ನಾನೇ ಹೊಲಿದು ನೋಡಿ ಆಮೇಲೆ ಬರೆಯೋಣ ಎಂದುಕೊಂಡೆ. ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಅಂಗಿಗಳಿಂದ ಉಳಿದ ಚೂರುಗಳು ಬೇಕಾದಷ್ಟಿದ್ದವು.

ಇಷ್ಟು ವರ್ಷದ ಕೆಲಸದ ಗರ್ವ ನೋಡು, ಮೊದಲ ದಿನವೇ ರಟ್ಟಿನ ಅಚ್ಚು ಇಟ್ಟು ಅರವತ್ತು ತ್ರಿಕೋನ ಕತ್ತರಿಸಿ ಗುಡ್ಡೆ ಹಾಕಿದೆ. ಪಕ್ಕದ ಇಸ್ತ್ರಿ ಅಂಗಡಿಯವನು ಇಣುಕಿ, ‘ಏನ್ ಮಾಸ್ಟರ್, ಗಾಳಿಪಟದ ವ್ಯಾಪಾರ ಶುರು ಮಾಡಿದ್ರಾ?’ ಎಂದ. ಎರಡೆರಡು ತ್ರಿಕೋನದ ಉದ್ದ ಬದಿಗಳನ್ನು ಸೇರಿಸಿ ಹೊಲಿದರೆ ಚೌಕ ಬರಬೇಕು. ನನಗೆ ಬಂದದ್ದು ಒದ್ದೆ ರಟ್ಟಿನ ಪೆಟ್ಟಿಗೆಯ ಹಾಗೆ ಸೊಟ್ಟಗೆ, ನಡುವೆ ಉಬ್ಬಿಕೊಂಡು. ಅರವತ್ತರಲ್ಲಿ ಒಂದೂ ಇನ್ನೊಂದರ ಅಳತೆಯದಲ್ಲ.

ಕಾರಣ ಗೊತ್ತಿದ್ದೂ ಮರೆತಿದ್ದೆ. ಬಟ್ಟೆಯ ನೂಲು ಉದ್ದಕ್ಕೂ ಅಡ್ಡಕ್ಕೂ ಓಡುತ್ತದೆ. ಆ ಎರಡು ದಿಕ್ಕಿಗೆ ಎಳೆದರೆ ಬಟ್ಟೆ ಜಗ್ಗುವುದಿಲ್ಲ. ಓರೆಯಾಗಿ, ಮೂಲೆಯಿಂದ ಮೂಲೆಗೆ ಎಳೆದರೆ ರಬ್ಬರಿನ ಹಾಗೆ ಬರುತ್ತದೆ. ತ್ರಿಕೋನದ ಉದ್ದ ಬದಿ ಪೂರ್ತಿ ಓರೆಯೇ. ಕತ್ತರಿಸಿ ಬಿಟ್ಟರೆ ಕೈ ತಾಗಿದರೂ ಸಾಕು, ಹಿಗ್ಗುತ್ತದೆ. ಆದ್ದರಿಂದ ಮಗಳೇ, ಮೊದಲ ಮಾತು ಇದು: ತ್ರಿಕೋನ ಬೇಕಾದವರು ತ್ರಿಕೋನ ಕತ್ತರಿಸಬಾರದು.

ಚೌಕವನ್ನೇ ಕತ್ತರಿಸು. ಒಂದು ತಿಳಿ ಬಣ್ಣ, ಒಂದು ಗಾಢ ಬಣ್ಣ. ಎರಡನ್ನೂ ಮುಖಾಮುಖಿ ಇಟ್ಟು, ಹಿಂಬದಿಯಲ್ಲಿ ಮೂಲೆಯಿಂದ ಮೂಲೆಗೆ ಪೆನ್ಸಿಲಿನಲ್ಲಿ ಗೆರೆ ಎಳೆ. ಆ ಗೆರೆಯ ಮೇಲೆ ಹೊಲಿಯಬೇಡ. ಗೆರೆಯಿಂದ ಕಾಲಿಂಚು ಈ ಕಡೆ ಒಂದು ಹೊಲಿಗೆ, ಕಾಲಿಂಚು ಆ ಕಡೆ ಒಂದು ಹೊಲಿಗೆ. ಎರಡೂ ಮುಗಿದ ಮೇಲೆ ಗೆರೆಯ ಮೇಲೆ ಕತ್ತರಿ ಆಡಿಸು. ಬಿಡಿಸಿದರೆ ಎರಡು ಚೌಕ, ಒಂದೊಂದರಲ್ಲೂ ಒಂದು ತಿಳಿ ತ್ರಿಕೋನ, ಒಂದು ಗಾಢ ತ್ರಿಕೋನ. ಓರೆ ಅಂಚು ಒಂದು ಕ್ಷಣವೂ ಒಂಟಿಯಾಗಿ ಕೈಗೆ ಸಿಗುವುದಿಲ್ಲ, ಕತ್ತರಿಸುವ ಮುಂಚೆಯೇ ಜೊತೆಯದಕ್ಕೆ ಹೊಲಿದಾಗಿರುತ್ತದೆ.

ಅಳತೆ ಹೀಗೆ: ಕೌದಿಯಲ್ಲಿ ನಾಲ್ಕು ಇಂಚು ಕಾಣಬೇಕಾದರೆ ಐದು ಇಂಚಿನ ಚೌಕ ಕತ್ತರಿಸು. ಹೊಲಿದು ಬಿಡಿಸಿದ ಮೇಲೆ ನಾಲ್ಕೂವರೆಗೆ ಅಳೆದು ಸುತ್ತ ಕತ್ತರಿಸಿ ನೇರ ಮಾಡು. ಮಿಕ್ಕ ಅರ್ಧ ಇಂಚು ಹೊಲಿಗೆಯೊಳಗೆ ಹೋಗುತ್ತದೆ. ಮೂಲೆಗಳಲ್ಲಿ ಇಲಿಯ ಕಿವಿಯಂಥ ಚೂರು ಹೊರಗೆ ಚಾಚಿಕೊಂಡಿರುತ್ತದೆ, ಅದನ್ನೂ ತೆಗೆದುಬಿಡು. ಮೊದಲೇ ಸರಿಯಾಗಿ ಲೆಕ್ಕ ಹಾಕಿ ಕತ್ತರಿಸುತ್ತೇನೆ ಎನ್ನುವವರು ಇದ್ದಾರೆ, ಇರಲಿ. ಹೊಸಬರಿಗೆ ಸ್ವಲ್ಪ ದೊಡ್ಡದಾಗಿ ಕತ್ತರಿಸಿ ಆಮೇಲೆ ಸರಿಪಡಿಸುವುದೇ ವಾಸಿ. ಚಿಕ್ಕದಾದದ್ದನ್ನು ದೊಡ್ಡದು ಮಾಡಲು ಯಾವ ಟೈಲರಿಗೂ ಬರುವುದಿಲ್ಲ.

ಇಸ್ತ್ರಿಯ ವಿಷಯ ನನಗೆ ಕಲಿಸಿದ್ದು ಆ ಗಾಳಿಪಟದವನೇ. ನಾನು ಪೆಟ್ಟಿಗೆಯನ್ನು ಅಂಗಿಯ ಬೆನ್ನಿನ ಮೇಲೆ ಓಡಿಸಿದಂತೆ ಓಡಿಸುತ್ತಿದ್ದೆ. ಅವನು ಕೈ ಹಿಡಿದು ನಿಲ್ಲಿಸಿ, ‘ಎಳೀಬೇಡಿ ಮಾಸ್ಟರ್, ಇದು ಜಗ್ಗತ್ತೆ. ಇಡಿ, ಎತ್ತಿ. ಇಡಿ, ಎತ್ತಿ’ ಎಂದ. ಹೊಲಿಗೆಯ ಮಡಿಕೆಯನ್ನು ಗಾಢ ಬಣ್ಣದ ಕಡೆಗೆ ಮಡಚಿ ಒತ್ತು, ಇಲ್ಲದಿದ್ದರೆ ತಿಳಿ ಬಟ್ಟೆಯ ಕೆಳಗೆ ನೆರಳು ಕಾಣುತ್ತದೆ. ಬಟ್ಟೆ ತೆಳುವಾಗಿದ್ದರೆ ಕತ್ತರಿಸುವ ಮೊದಲು ಗಂಜಿ ಹಾಕಿ ಒಣಗಿಸು. ಅದಕ್ಕೂ ಮೊದಲು ಒಮ್ಮೆ ತೊಳೆ. ಕೆಂಪು ಬಟ್ಟೆಯನ್ನಂತೂ ಎರಡು ಸಲ. ಗೆರೆ ಗೆರೆ, ಚೌಕುಳಿ ಬಟ್ಟೆ ಸದ್ಯಕ್ಕೆ ಬೇಡ. ನಾವು ಎಲ್ಲಿ ಸೊಟ್ಟ ಹೋದೆವೋ ಅದನ್ನು ಅವು ಊರಿಗೆಲ್ಲ ಸಾರುತ್ತವೆ.

ನಾನೀಗ ಮೂವತ್ತು ಚೌಕ ಹೊಲಿದಿದ್ದೇನೆ. ಮಂಚದ ಮೇಲೆ, ನಿಮ್ಮತ್ತೆ ಮಲಗುತ್ತಿದ್ದ ಅರ್ಧದಲ್ಲಿ ಹರಡಿಟ್ಟಿದ್ದೇನೆ. ಎತ್ತಿಡಬೇಕಾದ ಅಗತ್ಯ ಬಿದ್ದಿಲ್ಲ.

ಒಂದು ಮಾದರಿಯನ್ನು ಲಕೋಟೆಯಲ್ಲಿ ಇಟ್ಟಿದ್ದೇನೆ. ಹೊಲಿಗೆ ಬಿಚ್ಚಿ ನೋಡು, ಅರ್ಥವಾಗುತ್ತದೆ. ನೀನು ಹೊಲಿದದ್ದನ್ನೂ ಕಳಿಸು. ಗುಂಡಿಗೆ ನನ್ನ ಮುತ್ತು. ನನ್ನ ನೆನಪು ಅವಳಿಗಿಲ್ಲದಿದ್ದರೆ, ಯಾರ ಮುತ್ತು ಎಂದು ಹೇಳದೆಯೇ ಕೊಡು.

ಇಂತಿ,
ನಿನ್ನ ಮಾವ


ಏಪ್ರಿಲ್ 23

ಮಗಳೇ,

ಈ ಸಲ ತಡ ಮಾಡಿಲ್ಲ. ನಿನ್ನ ಪೊಟ್ಟಣ ನಿನ್ನೆ ಬಂತು, ಇವತ್ತು ಬರೆಯುತ್ತಿದ್ದೇನೆ. ಜಿಪ್ಪಿಗೆಂದು ಬಂದ ಹೆಂಗಸೊಬ್ಬಳನ್ನು ನಾಳೆ ಬನ್ನಿ ಎಂದು ಕಳಿಸಿದೆ. ಕೆಲಸವಿದೆ ಎಂದು ಗಿರಾಕಿಯನ್ನು ವಾಪಸು ಕಳಿಸಿ ಎಷ್ಟು ದಿನವಾಗಿತ್ತೋ, ಒಂದು ಥರ ಸುಖವೆನಿಸಿತು.

ನೀನು ಕಳಿಸಿದ ತುಂಡನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದೆ. ಎಂಟು ಬೆಟ್ಟ, ಎಂಟಕ್ಕೂ ತುದಿಯಿಲ್ಲ. ಯಾರೋ ಗರಗಸ ತಂದು ನೆತ್ತಿ ಕುಯ್ದುಕೊಂಡು ಹೋದ ಹಾಗಿದೆ. ನಿನ್ನ ಪತ್ರದ ಅಡಿಯಲ್ಲಿ ಪೆನ್ಸಿಲಿನ ದೊಡ್ಡ ದೊಡ್ಡ ಅಕ್ಷರಗಳಲ್ಲಿ, ‘ಟೈಲರ್ ತಾತ, ನನ್ನ ಬೆಟ್ಟದ ತಲೆ ಎಲ್ಲಿ ಹೋಯ್ತು?’ ಎಂದು ಬರೆದಿದೆ. ಆ ಸಾಲನ್ನು ಕತ್ತರಿಸಿ ಗಾಜಿನ ಕಪಾಟಿಗೆ ಅಂಟಿಸಿದ್ದೇನೆ. ಇಸ್ತ್ರಿಯವನು ಓದಿ, ‘ಗಿರಾಕಿ ದೂರು ಕೊಟ್ಟಿದ್ದನ್ನ ಯಾರಾದ್ರೂ ಹೀಗೆ ಅಂಟಿಸ್ಕೋತಾರಾ?’ ಎಂದ.

ತಲೆ ಹೊಲಿಗೆಯೊಳಗೆ ಹೋಗಿದೆ ಎಂದು ಅವಳಿಗೆ ಹೇಳು. ನೀನು ಸೋತೆ ಎಂದು ಬರೆದಿದ್ದೀಯಲ್ಲ, ಅದೆಲ್ಲ ಬೇಡ. ನಾನು ಸ್ಕೇಲಿಟ್ಟು ಅಳೆದೆ. ನಿನ್ನ ಹೊಲಿಗೆ ಗೆರೆ ಹೊಡೆದಂತೆ ನೇರವಾಗಿದೆ, ಆದರೆ ಕಾಲಿಂಚಿಗಿಂತ ಎರಡು ನೂಲು ಅಗಲ. ಬಟ್ಟೆಯನ್ನು ಒತ್ತಿ ಹಿಡಿಯುವ ಪಾದದ ಅಂಚನ್ನೇ ಕಾಲಿಂಚು ಎಂದು ನಂಬಿದ್ದೀಯ. ಹಳೆಯ ಮಷೀನುಗಳ ಪಾದ ಅಗಲವಿರುತ್ತದೆ. ಅದು ನಿನ್ನ ತಪ್ಪಲ್ಲ. ಸೂಜಿಯಿಂದ ಬಲಕ್ಕೆ ಸರಿಯಾಗಿ ಕಾಲಿಂಚು ಅಳೆದು, ಮಷೀನಿನ ತಟ್ಟೆಯ ಮೇಲೆ ಒಂದು ಅಂಟುಪಟ್ಟಿ ಅಂಟಿಸು. ಬಟ್ಟೆಯ ಅಂಚು ಆ ಪಟ್ಟಿಯನ್ನು ತಾಗಿಕೊಂಡು ಹೋಗಲಿ. ಕಣ್ಣು ಸೂಜಿಯ ಮೇಲೆ ಬೇಡ, ಪಟ್ಟಿಯ ಮೇಲಿರಲಿ. ಸೂಜಿ ತನ್ನ ಕೆಲಸ ತಾನು ಮಾಡಿಕೊಳ್ಳುತ್ತದೆ.

ಇನ್ನೊಂದು. ಎರಡು ಚೌಕ ಸೇರಿಸುವಾಗ ಹಿಂಬದಿ ನೋಡು. ಎರಡು ಓರೆ ಹೊಲಿಗೆಗಳು ಬಂದು ಒಂದು ಕಡೆ ಕೂಡುತ್ತವೆ. ಬೆಟ್ಟದ ತುದಿ ಇರುವುದು ಅಲ್ಲಿ. ನಿನ್ನ ಹೊಸ ಹೊಲಿಗೆ ಆ ಕೂಡುವ ಜಾಗದ ಒಳಗೆ ಹೋಗಬಾರದು. ಅದನ್ನು ಮುಟ್ಟಿಯೂ ಮುಟ್ಟದ ಹಾಗೆ, ಒಂದು ನೂಲಿನಷ್ಟು ಅಂಚಿನ ಕಡೆಗೆ ದಾಟಬೇಕು. ಅಲ್ಲೊಂದು ಗುಂಡುಸೂಜಿ ಚುಚ್ಚಿಡು, ಪಾದ ಹತ್ತಿರ ಬರುವವರೆಗೂ ತೆಗೆಯಬೇಡ. ಮೇಲಿನದರ ಮಡಿಕೆ ಎಡಕ್ಕೆ ಮಲಗಿದ್ದರೆ ಕೆಳಗಿನದು ಬಲಕ್ಕೆ ಮಲಗಿರಲಿ. ಆಗ ಎರಡೂ ಬೆರಳಿಗೆ ಬೆರಳು ಹೆಣೆದಂತೆ ಕಚ್ಚಿಕೊಳ್ಳುತ್ತವೆ, ಜಾರುವುದಿಲ್ಲ.

ಒಂದೊಂದು ಜೋಡಿಗೂ ದಾರ ಕತ್ತರಿಸುತ್ತಾ ಕೂರಬೇಡ. ಒಂದು ಮುಗಿದ ಕೂಡಲೇ ಇನ್ನೊಂದನ್ನು ಹಿಂದೆಯೇ ಕೊಡು. ಮಷೀನಿನ ಆಚೆ ಹಗ್ಗದ ಮೇಲೆ ಒಣಹಾಕಿದ ಬಟ್ಟೆಯ ಸಾಲಿನಂತೆ ಬಂದು ಬೀಳುತ್ತವೆ, ಕೊನೆಯಲ್ಲಿ ಬಿಡಿಸಿಕೊಂಡರಾಯಿತು. ಗ್ರಂಥಾಲಯದ ಕೆಲಸ ಮುಗಿಸಿ ಬಂದು ಅಡಿಗೆ ಮಾಡಿ ಕೂರುವವಳಿಗೆ ಇದರಿಂದ ಎಷ್ಟೋ ಹೊತ್ತು ಉಳಿಯುತ್ತದೆ.

ಗುಂಡಿಯ ಚಿಕ್ಕದಾದ ಫ್ರಾಕುಗಳೆಲ್ಲ ತಿಳಿ ಬಣ್ಣದವು, ಗಾಢ ಬಟ್ಟೆ ಸಾಲುತ್ತಿಲ್ಲ ಎಂದು ನಡುವೆ ಹಾಕಿದ ಕಾರ್ಡಿನಲ್ಲಿ ಬರೆದಿದ್ದೆಯಲ್ಲ. ಬೆಟ್ಟ ಕಾಣುವುದೇ ತಿಳಿ ಮತ್ತು ಗಾಢದ ಪಕ್ಕಪಕ್ಕದಿಂದ, ಅದಿಲ್ಲದಿದ್ದರೆ ಎಲ್ಲ ಮಂಜು. ನನ್ನ ಹತ್ತಿರ ಗಾಢ ನೀಲಿ, ಕಂದು, ಬೂದು ರಾಶಿ ಬಿದ್ದಿದೆ, ಗಂಡಸರು ಬೇರೆ ಬಣ್ಣವನ್ನು ಎಲ್ಲಿ ಹೊಲಿಸುತ್ತಾರೆ. ಐದಿಂಚಿನ ನಲವತ್ತೆಂಟು ಚೌಕ ಕತ್ತರಿಸಿ ಕಳಿಸುತ್ತಿದ್ದೇನೆ.

ಅವನ್ನು ಕತ್ತರಿಸುತ್ತಿದ್ದ ಭಾನುವಾರ ನನ್ನ ಮಗ ಬಂದ. ಪ್ಯಾಂಟಿನ ಸೊಂಟ ಬಿಡಿಸಬೇಕಿತ್ತು. ಮೇಜಿನ ಮೇಲೆ ಹರಡಿದ್ದನ್ನು ನೋಡಿ, ‘ಯಾರದ್ದಪ್ಪಾ ಇದು?’ ಎಂದು ಕೇಳಿದ. ‘ಗಿರಾಕಿಯದು’ ಎಂದೆ. ಬಾಯಿಂದ ಬಂದೇಬಿಟ್ಟಿತು. ಅವನು ಒಂದು ಚೌಕ ಎತ್ತಿ ನೋಡಿ, ‘ಇಂಥದ್ದೂ ಹೊಲಿಸ್ತಾರಾ ಜನ’ ಎಂದು ಕೆಳಗಿಟ್ಟ. ಕಪಾಟಿಗೆ ಅಂಟಿಸಿದ ಪೆನ್ಸಿಲ್ ಸಾಲು ಆಗ ಇನ್ನೂ ಬಂದಿರಲಿಲ್ಲ. ಬಂದಿದ್ದರೆ ಅದನ್ನೂ ಕೈ ಅಡ್ಡ ಹಿಡಿದು ಮುಚ್ಚುತ್ತಿದ್ದೆನೇನೋ. ಅವನು ಹೋದ ಮೇಲೆ ಕತ್ತರಿ ಹಿಡಿಯಲು ಮನಸ್ಸಾಗಲಿಲ್ಲ. ಮೊಮ್ಮಗಳಿಗೆ ಬಟ್ಟೆ ಕತ್ತರಿಸುವುದನ್ನು ಕಳ್ಳತನದ ಹಾಗೆ ಮುಚ್ಚಿಟ್ಟವನು ಎಂಥ ಮನುಷ್ಯ? ಇದನ್ನು ನಿನಗೆ ಬರೆಯದಿದ್ದರೂ ನಡೆಯುತ್ತಿತ್ತು. ಆದರೆ ಆ ಗಾಢ ಚೌಕಗಳನ್ನು ನೀನು ಕೈಯಲ್ಲಿ ಹಿಡಿಯುತ್ತೀಯ, ಅವುಗಳ ಜೊತೆ ಆ ಸುಳ್ಳೂ ಬರಬಾರದು ಎನಿಸಿತು.

ಬೆರಳಿಗೆ ಲೋಹದ ಬೆರಳುಟೋಪಿ ಹಾಕಿಕೋ. ಗುಂಡಿಯನ್ನು ಕತ್ತರಿಯ ಹತ್ತಿರ ಬಿಡಬೇಡ. ಇಬ್ಬರೂ ಚೆನ್ನಾಗಿರಿ.

ಇಂತಿ,
ಮಾವ (ಟೈಲರ್ ತಾತ)


ಜೂನ್ 2, ಭಾನುವಾರ ಸಂಜೆ

ಮಗಳೇ,

ನಿನ್ನ ಪತ್ರ ಬಂದು ಹದಿನೆಂಟು ದಿನವಾಯಿತು. ಹುಷಾರಿಲ್ಲವೇನೋ ಎಂದು ನೀನು ಯೋಚಿಸಿರುತ್ತೀಯ. ಹುಷಾರಾಗಿದ್ದೇನೆ. ಬರೆಯಲು ಕುಳಿತು ಏಳುವುದು, ಕುಳಿತು ಏಳುವುದು, ಇದೇ ಆಯಿತು. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ‘ಊಟ ಆಯ್ತಾ’ ಎಂದು ಕೇಳಿಕೊಂಡು ಸುಮ್ಮನಾಗಿಬಿಡುತ್ತೇವೆ ಎಂದು ನಿನಗೂ ಗೊತ್ತು. ಅದಕ್ಕೇ ಅಲ್ಲವೇ ನೀನು ಮೊದಲಿಗೆ ಕಾಗದ ಹಿಡಿದದ್ದು.

ನೀನು ಕಳಿಸಿದ ಫೋಟೋ ನೋಡಿದೆ. ಆರು ಸಾಲು ಬೆಟ್ಟ, ಎಲ್ಲಕ್ಕೂ ತಲೆಯಿದೆ. ಮೂರನೆಯ ಸಾಲಿನ ಎಡದಿಂದ ಎರಡನೆಯದು ಸ್ವಲ್ಪ ವಾಲಿದೆ, ಅದನ್ನು ಬಿಚ್ಚಬೇಡ. ಬೆಟ್ಟವೆಲ್ಲ ಇಸ್ತ್ರಿ ಮಾಡಿದ ಹಾಗೆ ಎಲ್ಲಿರುತ್ತದೆ. ಪಕ್ಕದವನಿಗೆ ತೋರಿಸಿದೆ. ಅವನು ಬಹಳ ಹೊತ್ತು ನೋಡಿ, ‘ಮಾಸ್ಟರ್, ನೀವು ಹೊಲಿದಿದ್ದಕ್ಕಿಂತ ಇದು ಚೆನ್ನಾಗಿದೆ’ ಎಂದ. ಅವನ ಬಾಯಿಗೆ ತಡೆಯಿಲ್ಲ, ಆದರೆ ಸುಳ್ಳು ಹೇಳುವವನಲ್ಲ.

ಮುಂದಿನ ಕೆಲಸ ಕೇಳಿದ್ದೀಯ. ಈಗ ಮೂರು ಪದರ ಒಂದಾಗಬೇಕು. ಕೆಳಗೆ ಅಸ್ತರಿನ ಬಟ್ಟೆ, ನಡುವೆ ಮೆತ್ತನೆಯ ಹತ್ತಿಯ ಹಾಸು ಅಥವಾ ಹಳೆಯ ಹೊದಿಕೆ, ಮೇಲೆ ಬೆಟ್ಟ. ಅಸ್ತರು ಎಲ್ಲ ಬದಿಗೂ ಮೂರು ನಾಲ್ಕು ಇಂಚು ದೊಡ್ಡದಿರಲಿ. ನೆಲ ಗುಡಿಸಿ ಅದನ್ನು ಬಿಗಿಯಾಗಿ ಹರಡಿ, ಮೂಲೆಗಳನ್ನು ಅಂಟುಪಟ್ಟಿಯಿಂದ ನೆಲಕ್ಕೆ ಹಿಡಿಸು. ಮೇಲೆ ಉಳಿದೆರಡನ್ನು ಹಾಸಿ, ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರುತ್ತಾ ಹೋಗು. ಟಾಕು ಹಾಕುವುದೂ, ಎಂದರೆ ಉದ್ದುದ್ದ ಕೈಹೊಲಿಗೆಯಲ್ಲಿ ಮೂರನ್ನೂ ಹಿಡಿಸುವುದೂ, ನಡುವಿನಿಂದಲೇ. ಅಂಚಿನಿಂದ ಶುರು ಮಾಡಿದರೆ ನೆರಿಗೆಯೆಲ್ಲ ಹೊಟ್ಟೆಗೆ ಬಂದು ಸೇರುತ್ತದೆ, ಆಮೇಲೆ ಅದಕ್ಕೆ ಹೋಗಲು ಜಾಗವಿರುವುದಿಲ್ಲ. ಇದು ಒಬ್ಬರ ಕೆಲಸವಲ್ಲ, ಎದುರು ಬದುರು ಇಬ್ಬರು ಕೂತು ಎಳೆದು ಹಿಡಿಯಬೇಕು.

ಅದಕ್ಕೇ ನೀನು ಬರೆದಿದ್ದೀಯ, ‘ರಜೆ ಮುಗಿಯೋ ಮುಂಚೆ ಬನ್ನಿ ಮಾವ. ನಾಲ್ಕು ದಿನ ಇದ್ದು ಹೋಗಿ. ಗುಂಡಿ ನೆಲ ಗುಡಿಸ್ತಾಳಂತೆ.’ ಬರುವ ವಿಷಯ ಕೊನೆಯಲ್ಲಿ ಬರೆಯುತ್ತೇನೆ. ಅದಕ್ಕೆ ಮೊದಲು ಇನ್ನೊಂದು ಹೇಳಬೇಕು.

ಹೋದ ಭಾನುವಾರ ಅವನು ಪ್ಯಾಂಟು ಒಯ್ಯಲು ಬಂದಿದ್ದ. ನಾನು ಉಳಿದ ಗಾಢ ಬಟ್ಟೆಯನ್ನು ಕೌದಿಯ ಅಂಚಿಗೆಂದು ಪಟ್ಟಿ ಪಟ್ಟಿಯಾಗಿ ಕತ್ತರಿಸುತ್ತಿದ್ದೆ.

‘ಆ ಗಿರಾಕಿ ಇನ್ನೂ ತಗೊಂಡು ಹೋಗಿಲ್ವಾ?’ ಎಂದ.

‘ಗಿರಾಕಿಯದಲ್ಲ. ಗುಂಡಿಗೆ’ ಎಂದೆ.

ಅವನು ಸ್ಟೂಲಿನ ಮೇಲೆ ಕುಳಿತ. ಕಪಾಟಿನ ಪೆನ್ಸಿಲ್ ಸಾಲನ್ನು ಓದಿದನೆಂದು ಕಾಣುತ್ತದೆ, ಬಹಳ ಹೊತ್ತು ಆ ಕಡೆಗೇ ನೋಡುತ್ತಿದ್ದ. ಆಮೇಲೆ, ‘ಅವಳು ನಿಮಗೆ ಬರೀತಾಳಾ?’ ಎಂದು ಕೇಳಿದ.

‘ಬರೀತಾಳೆ.’

‘ಏನಂತ?’

‘ತ್ರಿಕೋನ ಹೇಗೆ ಹೊಲಿಯೋದು ಅಂತ.’

ಅವನು ನಕ್ಕ. ನಾನು ನಗಲಿಲ್ಲವೆಂದು ತಿಳಿದು ನಿಲ್ಲಿಸಿದ. ‘ನನ್ನ ಬಗ್ಗೆ?’ ಎಂದ.

‘ಒಂದಕ್ಷರವೂ ಇಲ್ಲ.’

ಅವನ ಮುಖ ಬಾಡಿತು. ಅವನು ನನ್ನ ಮಗ, ಅದನ್ನು ನೋಡಿ ನನಗೆ ಸಂಕಟವಾಗಲಿಲ್ಲ ಎಂದು ಬರೆದರೆ ನೀನು ನಂಬಬೇಡ. ಚಿಕ್ಕವನಿದ್ದಾಗ ತಪ್ಪು ಮಾಡಿ ಸಿಕ್ಕಿಬಿದ್ದರೆ ಇದೇ ಮುಖ ಮಾಡುತ್ತಿದ್ದ, ನಾನು ಇದೇ ಮುಖಕ್ಕೆ ಸೋತು ಬಿಟ್ಟುಬಿಡುತ್ತಿದ್ದೆ. ನಿಮ್ಮತ್ತೆ ಗದರುತ್ತಿದ್ದಳು, ನಾನು ಬಿಡುತ್ತಿದ್ದೆ.

‘ನೀವು ಯಾರ ಕಡೆ ಅಪ್ಪಾ?’ ಎಂದ.

‘ಇಷ್ಟು ವರ್ಷ ನಿನ್ನ ಕಡೆಯೇ ಇದ್ದೆನಲ್ಲ. ಅದರಿಂದ ನಿನಗೂ ಒಳ್ಳೇದಾಗಲಿಲ್ಲ’ ಎಂದೆ. ಕತ್ತರಿ ಕೆಳಗಿಟ್ಟೆ. ‘ಅವಳ ಮೇಲೆ ಕೈ ಮಾಡಿದೆ ನೀನು. ಒಂದು ಸಲ ಅಲ್ಲ.’

ಅವನು ಎದ್ದು ನಿಂತ. ಇಲ್ಲ ಎನ್ನಲಿಲ್ಲ. ‘ಯಾರು ಹೇಳಿದ್ರು ನಿಮಗೆ? ಅವಳು ಈಗ ಬರೆದಳಾ?’ ಎಂದು ಮಾತ್ರ ಕೇಳಿದ.

‘ಈಗಲ್ಲ’ ಎಂದೆ. ಅದಕ್ಕಿಂತ ಹೆಚ್ಚು ಹೇಳಲು ನನ್ನಿಂದಾಗಲಿಲ್ಲ. ‘ಈಗ ಮನೆಯಲ್ಲಿರೋಳ ಮೇಲೆ ಕೈ ಎತ್ತಿದೆ ಅಂತ ಗೊತ್ತಾದರೆ, ಈ ಸಲ ನಾನೇ ಅವಳನ್ನ ಕರೆದುಕೊಂಡು ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತುತ್ತೀನಿ’ ಎಂದೆ. ಅವನು ಪ್ಯಾಂಟು ಅಲ್ಲೇ ಬಿಟ್ಟು ಹೋದ. ಅದು ಇನ್ನೂ ಹ್ಯಾಂಗರಿನಲ್ಲಿ ತೂಗುತ್ತಿದೆ. ಇವತ್ತೂ ಭಾನುವಾರ, ಬಾಗಿಲು ತೆರೆದಿಟ್ಟುಕೊಂಡು ಸಂಜೆಯವರೆಗೆ ಕುಳಿತಿದ್ದೆ. ಬರಲಿಲ್ಲ. ಇನ್ನು ಬರುತ್ತಾನೋ ಇಲ್ಲವೋ ಗೊತ್ತಿಲ್ಲ. ಇಸ್ತ್ರಿಯವನು ಎಲ್ಲ ಕೇಳಿಸಿಕೊಂಡಿದ್ದ, ನಡುವೆ ಇರುವುದು ಹಲಗೆಯ ಗೋಡೆ ತಾನೇ. ಒಂದು ಲೋಟ ಚಹಾ ತಂದಿಟ್ಟು ಹೋದ.

ಈ ಸುದ್ದಿಯನ್ನು ನಿನಗೆ ಒಪ್ಪಿಸಿ ಶಹಬ್ಬಾಸ್ ಎನಿಸಿಕೊಳ್ಳಲು ಬರೆಯುತ್ತಿಲ್ಲ. ನಾಲ್ಕು ವರ್ಷದ ಹಿಂದೆ, ನೀನು ನಮ್ಮ ಮನೆಯಲ್ಲಿದ್ದಾಗಲೇ ಆಡಬೇಕಾಗಿದ್ದ ಮಾತು ಅದು. ಹೊತ್ತು ಮೀರಿ ಆಡಿದ್ದಕ್ಕೆ ಲೆಕ್ಕವಿಲ್ಲ.

ಅಂಚಿನ ಪಟ್ಟಿಗಳನ್ನು ಇದರೊಂದಿಗೆ ಕಳಿಸುತ್ತಿದ್ದೇನೆ. ಎರಡೂವರೆ ಇಂಚಿನ ಅಗಲ, ಉದ್ದಕ್ಕೆ ಮಡಚಿ ಹೊಲಿದುಕೋ. ಪಟ್ಟಿಯ ತುದಿಗಳನ್ನು ನೇರ ಜೋಡಿಸಬೇಡ, ಓರೆಯಾಗಿ ಜೋಡಿಸು. ಆಗ ಗಂಟು ಒಂದೇ ಕಡೆ ದಪ್ಪವಾಗುವುದಿಲ್ಲ. ಕೌದಿ ಹೊದ್ದು ಮಲಗಿದಾಗ ಗುಂಡಿಗೆ ಒಳ್ಳೆಯ ನಿದ್ದೆ ಬರಲಿ. ನಿನಗೂ ಬರಲಿ. ದೇವರು ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ.

ಇಂತಿ,
ಮಾವ

ಮತ್ತೊಂದು ಮಾತು. ಅಂಟಿಸಿದ ಲಕೋಟೆಯನ್ನು ಮತ್ತೆ ಬಿಡಿಸಿದ್ದೇನೆ, ಅದಕ್ಕೇ ಅಂಚು ಹರಿದಿದೆ. ಬರುವ ವಿಷಯ ಬರೆಯುತ್ತೇನೆಂದು ಹೇಳಿ ಬರೆಯದೆಯೇ ಸಹಿ ಹಾಕಿದ್ದೆ.

ಯಾರು ಹೇಳಿದರು ಎಂದು ಅವನು ಕೇಳಿದ್ದಕ್ಕೆ ಉತ್ತರ ನಿನಗೆ ಕೊಡಬೇಕು. ನನಗೆ ಹೇಳಿದವಳು ನೀನೇ. ಮನೆ ಬಿಟ್ಟು ಹೋಗುವ ಹಿಂದಿನ ದಿನ ಮಧ್ಯಾಹ್ನ ಗುಂಡಿಯನ್ನು ಎತ್ತಿಕೊಂಡು ಅಂಗಡಿಯ ಬಾಗಿಲಲ್ಲಿ ನಿಂತು ಹೇಳಿದೆ, ‘ಮಾವ, ಅವರು ಮತ್ತೆ ಹೊಡೆದರು. ನೀವೊಂದು ಮಾತು ಹೇಳಿ. ನಿಮ್ಮ ಮಾತು ಕೇಳ್ತಾರೆ.’ ನಾನು ತಲೆ ಎತ್ತಲಿಲ್ಲ. ನೀನು ಇನ್ನೊಮ್ಮೆ ಹೇಳಿ, ಸ್ವಲ್ಪ ಹೊತ್ತು ನಿಂತಿದ್ದು ಹೋದೆ.

ಫೆಬ್ರವರಿಯ ನಿನ್ನ ಮೊದಲ ಪತ್ರದ ಕೊನೆಯಲ್ಲಿ ಒಂದು ಸಾಲಿತ್ತು. ‘ಅವತ್ತು ಮಷೀನಿನ ಸದ್ದಿನಲ್ಲಿ ನನ್ನ ಮಾತು ನಿಮಗೆ ಕೇಳಿಸಲಿಲ್ಲ. ಕೇಳಿಸಿದ್ದರೆ ನೀವು ಸುಮ್ಮನೆ ಇರ್ತಿರಲಿಲ್ಲ ಅಂತ ನನಗೆ ಗೊತ್ತು.’ ಆ ನಂಬಿಕೆಯಿಂದಲೇ ನೀನು ನನಗೆ ಮತ್ತೆ ಬರೆದೆ, ಮಾವ ಎಂದೆ, ಮಗುವಿನ ಕೈಯಿಂದ ತಾತ ಎಂದು ಬರೆಸಿದೆ. ಅದು ಗೊತ್ತಿದ್ದೇ ನಾನು ಆ ಸಾಲಿಗೆ ಉತ್ತರ ಕೊಡದೆ ತ್ರಿಕೋನದ ವಿಷಯ ಬರೆಯುತ್ತಾ ಬಂದೆ.

ನನಗೆ ಕೇಳಿಸಿತ್ತು, ಎರಡು ಸಲವೂ. ನೀನು ಬಾಗಿಲಿಗೆ ಬಂದಾಗ ಮಷೀನು ನಿಂತಿತ್ತು. ನಿನ್ನ ಮುಖ ನೋಡಿ ಏನು ಹೇಳಲು ಬಂದಿದ್ದೀಯ ಎಂದು ತಿಳಿದು ತುಳಿಯಲು ಶುರು ಮಾಡಿದೆ. ಸೂಜಿಯ ಕೆ‌ಳಗೆ ಬಟ್ಟೆಯೇ ಇರಲಿಲ್ಲ.

ಟಿಕೆಟ್ ತೆಗೆದಿಲ್ಲ. ಇದನ್ನು ಓದಿದ ಮೇಲೂ ಬನ್ನಿ ಎಂದರೆ ಬರುತ್ತೇನೆ. ಬೇಡ ಎಂದರೆ ಅದು ಸರಿ, ಕಾರಣ ಬರೆಯಬೇಕಾಗಿಲ್ಲ. ಅಸ್ತರು ಹಾಸುವಾಗ ಎದುರಿಗೆ ಹಿಡಿಯಲು ಅಕ್ಕಪಕ್ಕದ ಯಾರನ್ನಾದರೂ ಕರೆದುಕೋ. ಎಲ್ಲಾದರೂ ನೆರಿಗೆ ಬಿದ್ದು ಬಿಡಿಸಲಾಗದಿದ್ದರೆ ನನ್ನ ಮೇಲಿನ ಸಿಟ್ಟನ್ನು ಇಟ್ಟುಕೊಂಡೇ ಎರಡು ಸಾಲು ಬರೆದು ಕೇಳು. ಹೇಗೆ ಬಿಡಿಸಬೇಕೆಂದು ತಿಳಿಸುತ್ತೇನೆ.